ದೊಡ್ಡಪ್ಪ ಕಳಿಸಿದ ಫಾರ್ವರ್ಡ್

ದೊಡ್ಡಪ್ಪ: (ಫಾರ್ವರ್ಡ್ ಆಗಿದೆ) 1985ರ ನಂತರ ಕರ್ನಾಟಕದಲ್ಲಿ ಆಳುವ ಪಕ್ಷ ಒಮ್ಮೆಯೂ ಮರಳಿ ಬಂದಿಲ್ಲ. 2028ರಲ್ಲೂ ಅಷ್ಟೇ. ಹತ್ತು ಜನರಿಗೆ ಕಳಿಸಿ.

ದೊಡ್ಡಪ್ಪ: ಎಲ್ಲರೂ ಓದಿ. ರೊಟ್ಟಿ ಮಗುಚಿದ ಹಾಗೆ ಸರ್ಕಾರ ಮಗುಚುತ್ತಾರೆ ನಮ್ಮ ಜನ.

ನಾನು: ದೊಡ್ಡಪ್ಪ, ಇದು ಅರ್ಧ ಮಾತ್ರ ಸರಿ. 2004ರಲ್ಲಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರ ಕಾಂಗ್ರೆಸ್ 65 ಸೀಟಿಗೆ ಇಳಿಯಿತು. ಆದರೂ ಕಾಂಗ್ರೆಸ್ಸಿನವರೇ ಆದ ಧರಂ ಸಿಂಗ್ ಮುಖ್ಯಮಂತ್ರಿ ಆದರಲ್ಲ? 2018ರಲ್ಲೂ ಸೋತ ಕಾಂಗ್ರೆಸ್ಸು ಕುಮಾರಸ್ವಾಮಿ ಜೊತೆ ಸರ್ಕಾರದಲ್ಲೇ ಕೂತಿತ್ತು.

ದೊಡ್ಡಪ್ಪ: ಅದು ಹಿಂಬಾಗಿಲು. ಲೆಕ್ಕಕ್ಕಿಲ್ಲ. 2023 ನೋಡು. ಬೊಮ್ಮಾಯಿ ಸರ್ಕಾರ 66ಕ್ಕೆ ಬಂತು. ಜನ ಬೇಸತ್ತಿದ್ದರು.

ನಾನು: ಬೇಸತ್ತಿದ್ದರೆ ವೋಟು ಯಾಕೆ ಇಳಿಯಲಿಲ್ಲ? ಬಿಜೆಪಿಗೆ 2018ರಲ್ಲಿ ಶೇ 36ರ ಆಸುಪಾಸು, 104 ಸೀಟು. 2023ರಲ್ಲೂ ಶೇ 36, ಸೀಟು 66. ವೋಟು ಇಳಿದದ್ದು ಜೆಡಿಎಸ್‌ಗೆ, ಶೇ 18ರಿಂದ 13ಕ್ಕೆ. ಕಾಂಗ್ರೆಸ್ ಶೇ 38ರಿಂದ 43ರ ಹತ್ತಿರ ಹೋಯಿತು.

ಹುಬ್ಬಳ್ಳಿ ಭಾವ: ಅಷ್ಟು ಸಲೀಸಿಲ್ಲ ನೋಡ್ರಿ. ಬೆಂಗಳೂರು, ಹಳೇ ಮೈಸೂರಿನಲ್ಲಿ ಬಿಜೆಪಿ ವೋಟು ಏರಿತು. ಬೆಳಗಾವಿ, ಹಾವೇರಿ ಕಡೆ ಇಳಿಯಿತು. ಕೂಡಿಸಿದರೆ ಮತ್ತೆ 36. ಒಬ್ಬನಿಗೆ ಜ್ವರ, ಒಬ್ಬನಿಗೆ ಚಳಿ. ಸರಾಸರಿ ತೆಗೆದರೆ ಇಬ್ಬರೂ ಆರಾಮ!

ದೊಡ್ಡಪ್ಪ: ಅದನ್ನೇ ನಾನು ಹೇಳಿದ್ದು.

ಹುಬ್ಬಳ್ಳಿ ಭಾವ: ನೀವು ಹೇಳಿದ್ದು ಅದಲ್ಲ. ಮಾಜಿ ಮುಖ್ಯಮಂತ್ರಿ, ನಮ್ಮ ಜಗದೀಶ ಶೆಟ್ಟರ್ ಸಾಹೇಬರಿಗೆ ಬಿಜೆಪಿ ಟಿಕೆಟ್ ಸಿಗಲಿಲ್ಲ, ಕಾಂಗ್ರೆಸ್ಸಿಗೆ ಹೋದರು. ಕಾಂಗ್ರೆಸ್ 135 ಗೆದ್ದ ಗಾಳಿಯಲ್ಲೂ ಅವರು 34 ಸಾವಿರದಿಂದ ಸೋತರು. ಇಡೀ ರೊಟ್ಟಿ ಮಗುಚುವುದಾದರೆ ಇದು ಹೆಂಗ್ರಿ?

ಶಿರಸಿ ಚಿಕ್ಕಮ್ಮ: ನಮ್ಮಲ್ಲಿ ಬಿಜೆಪಿಯ ಕಾಗೇರಿಯವರು ಆರು ಸಲ ಗೆದ್ದವರು, ಸ್ಪೀಕರ್ ಬೇರೆ. 2023ರಲ್ಲಿ ಸೋಲಿಸಿದೆವು. ಮರುವರ್ಷ ಲೋಕಸಭೆಗೆ ಅವರನ್ನೇ 3 ಲಕ್ಷ ದಾಟಿದ ಅಂತರದಲ್ಲಿ ಗೆಲ್ಲಿಸಿದೆವು.

ನಾನು: 1985ರದ್ದೂ ಇದೇ ಕತೆ ಚಿಕ್ಕಮ್ಮ. 1984ರ ಲೋಕಸಭೆಯಲ್ಲಿ ಆಗಿನ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ 28ರಲ್ಲಿ ಬರೀ 4. ವಿಧಾನಸಭೆ ವಿಸರ್ಜಿಸಿ ಮಾರ್ಚಿನಲ್ಲಿ ಚುನಾವಣೆಗೆ ಹೋದರು, 139 ಬಂತು. ಮೂರು ತಿಂಗಳೊಳಗೆ! ಫಾರ್ವರ್ಡಿನಲ್ಲಿ 1985 ಇದೆ, ಇದು ಇಲ್ಲ.

ದೊಡ್ಡಪ್ಪ: ಅಂಕಿಯಲ್ಲಿ ಏನು ಬೇಕಾದರೂ ತೋರಿಸಬಹುದು.

ಕೊಳ್ಳೇಗಾಲದ ಮಾವ: ಅಂಕಿಯ ಮಾತು ಬಂತಲ್ಲ, ನಮ್ಮ ಕಡೆಯದು ಕೇಳಿ. 2004, ಸಂತೇಮರಹಳ್ಳಿ. ಎ.ಆರ್. ಕೃಷ್ಣಮೂರ್ತಿಗೆ 40,751, ಧ್ರುವನಾರಾಯಣಗೆ 40,752. ಕೃಷ್ಣಮೂರ್ತಿ ಕಾರಿನ ಡ್ರೈವರಿಗೇ ಅವತ್ತು ವೋಟು ಹಾಕಲು ಬಿಡುವು ಸಿಗಲಿಲ್ಲ ಅಂತ ಇವತ್ತಿಗೂ ಹೇಳುತ್ತಾರೆ. 2023ರಲ್ಲಿ ಅದೇ ಕೃಷ್ಣಮೂರ್ತಿ ಕೊಳ್ಳೇಗಾಲದಲ್ಲಿ ಆಗಿನ ಶಾಸಕ ಮಹೇಶ್ ಅವರನ್ನು 50 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಸೋಲಿಸಿದರು. ನಡುವೆ ಕಾದದ್ದು 19 ವರ್ಷ.

ದೊಡ್ಡಪ್ಪ: ಯಾರು ಏನೇ ಹೇಳಿ. 2028ರಲ್ಲಿ ಸರ್ಕಾರ ಬದಲಾಗುತ್ತದೆ. ಬರೆದಿಟ್ಟುಕೊಳ್ಳಿ.

ಶಿರಸಿ ಚಿಕ್ಕಮ್ಮ: ಅದಿರಲಿ ದೊಡ್ಡ ಭಾವ, 2023ರಲ್ಲಿ ನೀವು ವೋಟು ಹಾಕಿದ್ದು ಯಾವಾಗ? ಮೇ 10ರಂದು ನಮ್ಮ ಮನೆಯಲ್ಲಿ ಹಲಸಿನ ಹಪ್ಪಳ ಒಣಗಿಸುತ್ತಿದ್ದಿರಿ ಅಲ್ವಾ?

ದೊಡ್ಡಪ್ಪ: ಬಸ್ಸು ರಶ್ ಇತ್ತು ಕಣಮ್ಮ.