ಸಹಾಯ ಬೇಕು: ಕಾಕಾರ ಫೋನಿನಿಂದ ಸಾಲದ ಆ್ಯಪ್ ತೆಗೆಯಲು ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಸೇಡಂ ತಾಲ್ಲೂಕಿನಲ್ಲಿ ತೊಗರಿ ಬೆಳೆಯುವ ನಮ್ಮ ಕಾಕಾ, ಬೀಜ ಗೊಬ್ಬರಕ್ಕೆಂದು ಒಂದು ಆ್ಯಪ್‌ನಲ್ಲಿ 6,000 ರೂಪಾಯಿ ಸಾಲ ಪಡೆದಿದ್ದರು. ಸಾಲವನ್ನು ಪೂರ್ತಿ ತೀರಿಸಿದ ಮೇಲೂ ಆ್ಯಪ್‌ನವರ ಕರೆಗಳು ನಿಂತಿಲ್ಲ. ಮೊನ್ನೆ ಯಾದಗಿರಿಯ ಬೀಗರಿಗೇ ಫೋನ್ ಮಾಡಿ, "ನಿಮ್ಮ ಮಂದಿ ರೊಕ್ಕ ಮುಳುಗಿಸ್ಯಾರ" ಎಂದಿದ್ದಾರೆ. ಅಂದಿನಿಂದ ಕಾಕಾ ಊಟ ಸರಿಯಾಗಿ ಮಾಡುತ್ತಿಲ್ಲ.

ಸಾಲದ ಆ್ಯಪ್‌ಗಳು ಸಂಪರ್ಕ ಪಟ್ಟಿ, ಕರೆಗಳ ವಿವರ ಮತ್ತು ಫೋಟೊಗಳನ್ನು ಮುಟ್ಟಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಆದರೆ ಸೆಟ್ಟಿಂಗ್ಸ್‌ನಲ್ಲಿ ನೋಡಿದಾಗ ಇವೆಲ್ಲಕ್ಕೂ, ಜೊತೆಗೆ ಎಸ್‌ಎಂಎಸ್‌ಗೂ ಲೊಕೇಶನ್‌ಗೂ ಅನುಮತಿ ಕೊಟ್ಟಿತ್ತು. ಎಲ್ಲವನ್ನೂ ಒಂದೊಂದಾಗಿ ಬಂದ್ ಮಾಡಿದ್ದೇನೆ. ಈಗಾಗಲೇ ಅವರ ಸರ್ವರ್ ಸೇರಿದ ನಂಬರುಗಳು ಇದರಿಂದ ಅಳಿಯುವುದಿಲ್ಲ ಎಂಬುದು ಗೊತ್ತು.

ನಾನು ಸಿಕ್ಕಿಕೊಂಡಿರುವುದು ಇಲ್ಲಿ: ಅನ್‌ಇನ್‌ಸ್ಟಾಲ್ ಗುಂಡಿ ಮಸುಕಾಗಿದ್ದು, ಒತ್ತಿದರೆ ಕೆಲಸ ಮಾಡುವುದಿಲ್ಲ. ಡಿವೈಸ್ ಅಡ್ಮಿನ್ (ಫೋನಿನ ಮೇಲೆ ವಿಶೇಷ ಹಿಡಿತ ಕೊಟ್ಟಿರುವ ಆ್ಯಪ್‌ಗಳ) ಪಟ್ಟಿಯಲ್ಲಿ ಈ ಆ್ಯಪ್ ಚಾಲೂ ಇದ್ದು, ಬಂದ್ ಮಾಡಲು ಹೋದಾಗಲೆಲ್ಲ ಆ ಪರದೆಯೇ ಮುಚ್ಚಿಕೊಳ್ಳುತ್ತದೆ. ಫೋನ್ ಆಫ್ ಮಾಡಿ ಆನ್ ಮಾಡಿದರೂ ಅದೇ ಕಥೆ. ಅಂಗಡಿಯವರು ಫ್ಯಾಕ್ಟರಿ ರೀಸೆಟ್ ಮಾಡಿಸಿ ಎನ್ನುತ್ತಾರೆ. ಆದರೆ ಹಾಗೆ ಮಾಡಿದರೆ ಬೆದರಿಕೆಯ ಸಂದೇಶಗಳು ಮತ್ತು ಹಣ ಕಟ್ಟಿದ ದಾಖಲೆ ಅಳಿದುಹೋಗಬಹುದೆಂಬ ಭಯ ನನಗಿದೆ.

ಸೇಫ್ ಮೋಡ್‌ನಲ್ಲಿ (ನಾವು ಹಾಕಿಕೊಂಡ ಆ್ಯಪ್‌ಗಳು ಓಡದಂತೆ) ಫೋನ್ ತೆರೆದರೆ ಏನನ್ನೂ ಕಳೆದುಕೊಳ್ಳದೆ ಈ ಅಡ್ಮಿನ್ ಅನುಮತಿಯನ್ನು ತೆಗೆಯಬಹುದೇ? ಮತ್ತು ಆ್ಯಪ್ ತೆಗೆಯುವ ಮೊದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಬೇಕೇ, ಅಥವಾ ಸ್ಕ್ರೀನ್‌ಶಾಟ್‌ಗಳನ್ನು ಇಟ್ಟುಕೊಂಡು ತೆಗೆದ ಮೇಲೆ ಕೊಟ್ಟರೂ ನಡೆಯುತ್ತದೆಯೇ?