ಡಾಲರ್ ನಾಣ್ಯಗಳ ಆಲ್ಬಮ್: ವರ್ಷ ನೋಡಿ ಜೋಡಿಸಲೋ, ಮಿಂಟ್ (ಟಂಕಸಾಲೆ) ನೋಡಿಯೋ, ಚಿತ್ರ ನೋಡಿಯೋ?

ಚಿಲ್ಲರೆಡಬ್ಬಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಒಂದು ಡಾಲರ್ ನಾಣ್ಯ ಎತ್ತಿಡುವ ಚಟ ನನ್ನದು. ಸ್ಟೇಷನ್ನಿನ ಟಿಕೆಟ್ ಮಶೀನಿಗೆ ಇಪ್ಪತ್ತರ ನೋಟು ಹಾಕಿದರೆ ಚಿಲ್ಲರೆಯೆಲ್ಲ ಹಳದಿ ನಾಣ್ಯದಲ್ಲೇ ಸುರಿಯುತ್ತಿತ್ತಲ್ಲ, ಅಲ್ಲಿಂದ ಶುರುವಾಯಿತು. ಆಮೇಲೆ ಬ್ಯಾಂಕಿನಲ್ಲಿ ಕೇಳಿ 25ರ ರೋಲ್ ತರುವುದು, ಬೇಕಾದ್ದು ಆರಿಸಿಕೊಂಡು ಉಳಿದದ್ದು ವಾಪಸ್ ಕೊಡುವುದು, ಹೀಗೇ ನಡೆಯಿತು. ಈಗ ಡಬ್ಬಿ ತುಂಬಿದೆ, ಕ್ರಮ ಮಾತ್ರ ಇಲ್ಲ.

ಐಸೆನ್‌ಹೋವರ್ ಅವರ ದೊಡ್ಡ ನಾಣ್ಯ ಕೆಲವಿವೆ. ಮಹಿಳೆಯರ ಮತದಾನದ ಹಕ್ಕಿಗೆ ಹೋರಾಡಿದ ಸೂಸನ್ ಬಿ. ಆಂಥನಿ ಅವರದ್ದು ಒಂದಷ್ಟು, ಮೂಲನಿವಾಸಿ ಮಹಿಳೆ ಸಕಾಗವಿಯಾ ಚಿತ್ರದ್ದು ಜಾಸ್ತಿ, ಅಧ್ಯಕ್ಷರದ್ದು ಇನ್ನೂ ಜಾಸ್ತಿ, ಹೊಸ ಆವಿಷ್ಕಾರಗಳನ್ನು ತೋರಿಸುವ ಇನ್ನೊವೇಶನ್ ಸರಣಿಯದ್ದು ನಾಲ್ಕಾರು. ಒಂದೇ ಆಲ್ಬಮ್‌ನಲ್ಲಿ 1971ರಿಂದ ಇವತ್ತಿನವರೆಗೆ ವರ್ಷದ ಪ್ರಕಾರ ಜೋಡಿಸೋಣ ಎಂದು ಕೂತೆ, ಎರಡನೇ ಪುಟಕ್ಕೇ ಸಿಕ್ಕಾಯಿತು. ಒಂದೇ ವರ್ಷದಲ್ಲಿ ನಾಲ್ವರು ಅಧ್ಯಕ್ಷರು, ಜೊತೆಗೊಂದು ಸಕಾಗವಿಯಾ, ಎಲ್ಲದಕ್ಕೂ ಮಿಂಟ್ ಅಕ್ಷರ ಪಿ ಇರುವುದೊಂದು, ಡಿ ಇರುವುದೊಂದು! ಇನ್ನೊಂದು ಗೊಂದಲ ಏನೆಂದರೆ, 2009ರಿಂದ ಮುಂದೆ ಸಕಾಗವಿಯಾ ಮುಖ ಹಾಗೇ ಇದೆ, ಹಿಂಬದಿ ಮಾತ್ರ ವರ್ಷಕ್ಕೊಂದು ಬರುತ್ತಿದೆ. ಅದು ಹಳೆಯದರ ಮುಂದುವರಿಕೆಯೋ, ಬೇರೆ ಸರಣಿಯೋ? ನೀವೆಲ್ಲ ಹೇಗೆ ಇಟ್ಟುಕೊಂಡಿದ್ದೀರಿ ಹೇಳಿ. ಮಾರುವ ಯೋಚನೆ ಇಲ್ಲ, ಸುಮ್ನೆ ಖುಷಿಗೆ.

ಭೂತಗನ್ನಡಿ ಉತ್ತರಿಸಿದ್ದು:

ಆಲ್ಬಮ್ ಕೊಳ್ಳುವುದಕ್ಕೆ ಮೊದಲು ಒಂದು ಕೆಲಸ ಮಾಡಿ. ಒಬ್ಬ ಅಧ್ಯಕ್ಷರ ನಾಣ್ಯ ಕೈಗೆ ತೆಗೆದುಕೊಂಡು ಇಸವಿ ಎಲ್ಲಿದೆ ಹುಡುಕಿ. ವಾಷಿಂಗ್ಟನ್ ಚಿತ್ರದ ಹತ್ತಿರ 1789-1797 ಎಂದಿರುತ್ತದೆ, ಅದು ಅವರು ಅಧಿಕಾರದಲ್ಲಿದ್ದ ಕಾಲ. ಹೊಸಬರು ಅದನ್ನೇ ನಾಣ್ಯದ ಇಸವಿ ಎಂದುಕೊಂಡು ಹೌಹಾರುತ್ತಾರೆ! ನಿಜವಾದ ಇಸವಿ ಅಂಚಿನ ಮೇಲಿದೆ. ನಾಣ್ಯವನ್ನು ಎರಡು ಬೆರಳಲ್ಲಿ ಹಿಡಿದು ದೀಪದ ಕೆಳಗೆ ನಿಧಾನಕ್ಕೆ ತಿರುಗಿಸಿದರೆ 2007, ಪಕ್ಕದಲ್ಲಿ ಪಿ ಅಥವಾ ಡಿ, ಆಮೇಲೆ ಲ್ಯಾಟಿನ್ ಧ್ಯೇಯವಾಕ್ಯ, ಹೀಗೆ ಒಳಕ್ಕೆ ತಗ್ಗಿದ ಅಕ್ಷರಗಳು ಒಂದೊಂದೇ ಬರುತ್ತವೆ. 2009ರಿಂದ ಸಕಾಗವಿಯಾ ನಾಣ್ಯದ ಇಸವಿ, ಮಿಂಟ್ ಅಕ್ಷರ ಎರಡೂ ಅಂಚಿಗೇ ಹೋದವು. ಇನ್ನೊವೇಶನ್ ಕೂಡ ಹಾಗೇ.

ಈಗ ಅದನ್ನು ಆಲ್ಬಮ್‌ನ ತೂತಿಗೆ ಒತ್ತಿ ಕೂರಿಸಿ. ಅಂಚು ಮುಚ್ಚಿಹೋಯಿತು. ಪಿ ಯಾವುದು ಡಿ ಯಾವುದು ನೋಡಬೇಕಾದರೆ ಮತ್ತೆ ಕಿತ್ತೇ ನೋಡಬೇಕು. ಜೋಡಿಸಿದ ಕ್ರಮವೇ ಕಣ್ಣಿಗೆ ಕಾಣದಿದ್ದರೆ ಅದೆಂಥ ಕ್ರಮ, ಹೇಳಿ?

ಆದರೆ ಇಸವಿ ಕಾಣದಿದ್ದರೂ ನಷ್ಟವಿಲ್ಲ. ಅಧ್ಯಕ್ಷರ ಸರಣಿಯಲ್ಲಿ ಒಂದು ಚಿತ್ರ ಬಂದದ್ದು ಒಂದೇ ವರ್ಷ. ಲಿಂಕನ್ ಎಂದರೆ 2010, ಅಷ್ಟೇ. 2009ರಿಂದೀಚಿನ ಸಕಾಗವಿಯಾ ಹಿಂಬದಿಯೂ ವರ್ಷಕ್ಕೊಂದು: ಜೋಳ, ಬೀನ್ಸ್, ಕುಂಬಳ ಬೆಳೆ ಇದ್ದರೆ 2009, ಎತ್ತರದಲ್ಲಿ ಉಕ್ಕಿನ ತೊಲೆ ಕೂರಿಸುವ ಮೊಹಾಕ್ ಬುಡಕಟ್ಟಿನ ಕೆಲಸಗಾರ ಇದ್ದರೆ 2015, ಚೆರೋಕಿ ಲಿಪಿ ರೂಪಿಸಿದ ಸಿಕ್ವೋಯಾ ಇದ್ದರೆ 2017. ಚಿತ್ರವೇ ಇಸವಿ ಹೇಳುತ್ತದೆ. ಹಾಗಾಗಿ ನನ್ನ ಸಲಹೆ, ಚಿತ್ರಕ್ಕೊಂದು ನಾಣ್ಯ. ಅಧ್ಯಕ್ಷರದ್ದು 40ಕ್ಕೆ ಮುಗಿಯುತ್ತದೆ. ಗ್ರೋವರ್ ಕ್ಲೀವ್‌ಲ್ಯಾಂಡ್ ಎರಡು ಸಲ ಬರುತ್ತಾರೆ, ಮಧ್ಯೆ ಒಂದು ಅವಧಿ ಬಿಟ್ಟು ಮತ್ತೆ ಗೆದ್ದವರಲ್ವಾ, 2012ರಲ್ಲಿ ಅವರಿಗೆ ಎರಡು ಬೇರೆ ಬೇರೆ ನಾಣ್ಯ ಬಂತು. ಕೊನೆಯದು 2020ರಲ್ಲಿ ಬಂದ ಹಿರಿಯ ಬುಷ್.

ಪೂರ್ತಿಸೆಟ್ ಉತ್ತರಿಸಿದ್ದು:

ಭೂತಗನ್ನಡಿಯವರ ಮಾತು ಅರ್ಧ ಒಪ್ಪುತ್ತೇನೆ. ಚಿತ್ರಕ್ಕೊಂದು ಎಂದರೆ ಬೇಗ ಮುಗಿಯುತ್ತದೆ ನಿಜ. ಬೇಗ ಮುಗಿಯುವುದೇ ನನಗೆ ಬೇಡದ್ದು. ಫಿಲಡೆಲ್ಫಿಯಾದ ಪಿ, ಡೆನ್ವರ್‌ನ ಡಿ, ಎರಡೂ ಪಕ್ಕಪಕ್ಕ ಕೂತರೇ ನನಗೆ ಸಮಾಧಾನ. ಅಂಚು ಕಾಣಲ್ಲ ಎನ್ನುವ ಸಮಸ್ಯೆಗೆ ಕ್ಯಾಪ್ಸೂಲ್ ಇದೆ, ಒಂದೊಂದು ನಾಣ್ಯ ಇಡುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿ. 26.5 ಮಿಲಿಮೀಟರ್ ಅಳತೆಯದ್ದು, ಸುತ್ತ ಕಪ್ಪು ರಿಂಗ್ ಇಲ್ಲದೆ ಪೂರ್ತಿ ಪಾರದರ್ಶಕವಾಗಿರುವುದು ಕೊಳ್ಳಿ. ಓರೆಯಾಗಿ ಹಿಡಿದರೆ ಅಕ್ಷರ ಓದಬಹುದು. ಅದೂ ಬೇಡವೆಂದರೆ ತೂತಿನ ಕೆಳಗೆ ಪೆನ್ಸಿಲ್‌ನಲ್ಲಿ ಬರೆದಿಟ್ಟರಾಯಿತು.

ಇನ್ನೊಂದು ಮಾತು. ಎಲ್ಲ ಒಟ್ಟಿಗೆ ಶುರು ಮಾಡಬೇಡಿ. ಸೂಸನ್ ಬಿ. ಆಂಥನಿಯಿಂದ ಶುರು ಮಾಡಿ. 1979, 1980, 1981, ಆಮೇಲೆ ಒಂದೇ ಸಲ 1999. ಮೊದಲ ಮೂರು ವರ್ಷಕ್ಕೆ ಪಿ, ಡಿ, ಸ್ಯಾನ್‌ಫ್ರಾನ್ಸಿಸ್ಕೋದ ಎಸ್ ಮೂರೂ ಇವೆ, 1999ಕ್ಕೆ ಪಿ ಮತ್ತು ಡಿ. ಪ್ರೂಫ್ (ಸಂಗ್ರಾಹಕರಿಗೆಂದೇ ಕನ್ನಡಿಯಂತೆ ಹೊಳೆಯುವಂತೆ ಅಚ್ಚು ಹಾಕಿದ್ದು) ಬಿಟ್ಟರೆ ಒಟ್ಟು 11 ನಾಣ್ಯ. ಇದರಲ್ಲಿ ಇಸವಿ, ಮಿಂಟ್ ಅಕ್ಷರ ಎಲ್ಲ ಮುಖದ ಮೇಲೇ ಇರುವುದರಿಂದ ಅಂಚಿನ ರಗಳೆಯೇ ಇಲ್ಲ. 1981ರವು ಚಲಾವಣೆಗೆ ಬರಲಿಲ್ಲ, ಸಂಗ್ರಾಹಕರ ಸೆಟ್‌ಗಳಲ್ಲಿ ಮಾತ್ರ ಬಂದವು. ರೋಲ್‌ನಲ್ಲಿ ಹುಡುಕಿ ಕೈ ನೋಯಿಸಿಕೊಳ್ಳುವ ಬದಲು ಆ ಮೂರನ್ನು ದುಡ್ಡು ಕೊಟ್ಟೇ ತನ್ನಿ. ಮತ್ತೆ ನಿಮ್ಮಲ್ಲಿರುವ 1979 ಪಿ ಎಲ್ಲ ಒಮ್ಮೆ ಹೊರಗೆ ತೆಗೆಯಿರಿ. ಕೆಲವದರಲ್ಲಿ ಇಸವಿ ಅಂಚುಪಟ್ಟಿಗೆ (ಮುಖದ ಸುತ್ತ ಎದ್ದಿರುವ ಬಳೆ) ತೀರಾ ಹತ್ತಿರ ಇರುತ್ತದೆ, ಪಟ್ಟಿಯೂ ಸ್ವಲ್ಪ ಅಗಲ. ಎರಡನ್ನು ಅಕ್ಕಪಕ್ಕ ಇಟ್ಟರೆ ತಕ್ಷಣ ಗೊತ್ತಾಗುತ್ತದೆ. ಅದು ಕಡಿಮೆ ಸಿಗುವ ಬಗೆ, ಅದಕ್ಕೆ ಬೇರೆ ತೂತು ಕೊಡಬೇಕು.

ಐಸೆನ್‌ಹೋವರ್ 38.1 ಮಿಲಿಮೀಟರ್, ಉಳಿದವುಗಳ ಆಲ್ಬಮ್‌ಗೆ ಹೊಂದುವುದಿಲ್ಲ. ಅದನ್ನು ಪಕ್ಕಕ್ಕಿಡಿ, ಇನ್ನೊಂದು ದಿನ ನೋಡೋಣ. 1975 ಇಸವಿಯದ್ದು ಹುಡುಕಬೇಡಿ, ಅಂಥದ್ದು ಇಲ್ಲ. 1776-1976 ಎಂದು ಜೋಡಿ ಇಸವಿ ಇರುವುದೇ 1975, 1976 ಎರಡೂ ವರ್ಷದ್ದು.

ಚಿಲ್ಲರೆಡಬ್ಬಿ:

ಇಬ್ಬರಿಗೂ ಧನ್ಯವಾದ. 1979 ಪಿ ತೆಗೆದು ನೋಡಿದೆ, ಒಂದರಲ್ಲಿ ಇಸವಿ ನಿಜಕ್ಕೂ ಪಟ್ಟಿಗೆ ತಾಗುವಷ್ಟು ಹತ್ತಿರ ಇದೆ. ಇಷ್ಟು ದಿನ ಡಬ್ಬಿಯ ತಳದಲ್ಲಿ ಬಿದ್ದಿತ್ತು ನೋಡಿ!

ಅಂಚು ನೋಡುವಾಗ ಇನ್ನೊಂದು ಕಂಡಿತು. ಅಧ್ಯಕ್ಷರ ಮುಖ ಮೇಲೆ ಮಾಡಿ ಹಿಡಿದರೆ ಕೆಲವು ನಾಣ್ಯದಲ್ಲಿ ಅಂಚಿನ ಅಕ್ಷರ ನೆಟ್ಟಗೆ ಓದಬಹುದು, ಕೆಲವದರಲ್ಲಿ ತಲೆಕೆಳಗು. ಇದು ತಪ್ಪಾಗಿ ಬಂದದ್ದಾ? ಇದಕ್ಕೂ ಬೇರೆ ತೂತು ಬೇಕಾ?

ಭೂತಗನ್ನಡಿ:

ತಪ್ಪಲ್ಲ. ಮೊದಲು ಎರಡು ಮುಖ ಅಚ್ಚಾಗುತ್ತವೆ, ಆಮೇಲೆ ಇನ್ನೊಂದು ಮಶೀನಿಗೆ ಹೋಗಿ ಅಂಚಿಗೆ ಅಕ್ಷರ ಬೀಳುತ್ತದೆ. ಆ ಮಶೀನಿಗೆ ನಾಣ್ಯ ಯಾವ ಮಗ್ಗುಲಲ್ಲಿ ಬಂದರೂ ಒಂದೇ. ಹಾಗಾಗಿ ಸುಮಾರು ಅರ್ಧ ಹೀಗೆ, ಅರ್ಧ ಹಾಗೆ. ತಲೆಕೆಳಗಾದದ್ದನ್ನು ಎ ಎಂದೂ ನೆಟ್ಟಗಿರುವುದನ್ನು ಬಿ ಎಂದೂ ಕರೆಯುತ್ತಾರೆ. ಇದನ್ನೂ ಲೆಕ್ಕಕ್ಕೆ ಹಿಡಿದರೆ 40 ಚಿತ್ರ, ಪಿ ಮತ್ತು ಡಿ, ಎ ಮತ್ತು ಬಿ, ಒಟ್ಟು 160. ಅಷ್ಟು ಸೇರಿಸಿದರೂ ಆಲ್ಬಮ್‌ನಲ್ಲಿ ಎಲ್ಲ ಒಂದೇ ಥರ ಕಾಣುತ್ತವೆ. ನಾನಂತೂ ಕೈ ಮುಗಿದೆ.

ಅಂಚಿನಲ್ಲಿ ಏನೂ ಇಲ್ಲದೆ ನುಣ್ಣಗಿರುವುದು ಸಿಕ್ಕರೆ ಮಾತ್ರ ಅದು ನಿಜವಾದ ತಪ್ಪು, ಆ ಎರಡನೇ ಮಶೀನಿಗೆ ಹೋಗದೇ ತಪ್ಪಿಸಿಕೊಂಡದ್ದು. 2007ರ ವಾಷಿಂಗ್ಟನ್‌ನಲ್ಲಿ ಅಂಥವು ಸಾವಿರಗಟ್ಟಲೆ ಹೊರಬಿದ್ದವು. ದೇವರಲ್ಲಿ ನಂಬಿಕೆ ಇಟ್ಟಿದ್ದೇವೆ ಎನ್ನುವ ವಾಕ್ಯವೂ ಆಗ ಅಂಚಿನಲ್ಲೇ ಇದ್ದದ್ದರಿಂದ ಪತ್ರಿಕೆಗಳು ಅದಕ್ಕೆ ದೇವರಿಲ್ಲದ ಡಾಲರ್ ಎಂದು ಹೆಸರಿಟ್ಟವು. 2009ರಿಂದ ಆ ವಾಕ್ಯ ಮುಖದ ಮೇಲಕ್ಕೆ ಬಂತು. ನಿಮ್ಮ ವಾಷಿಂಗ್ಟನ್‌ಗಳ ಅಂಚು ಒಮ್ಮೆ ಸವರಿ ನೋಡಿ. ಆದರೆ ಅಂಚು ಉಜ್ಜಿ ನುಣ್ಣಗೆ ಮಾಡಿ ಮಾರುವ ಖದೀಮರೂ ಇದ್ದಾರೆ, ಕೊಳ್ಳುವಾಗ ಹುಷಾರು.

ಒದ್ದೆಕೈ ಉತ್ತರಿಸಿದ್ದು:

ಜೋಡಣೆ ನಿಮಗೆ ಬಿಟ್ಟದ್ದು, ನಾನು ಇಡುವ ಬಗ್ಗೆ ಹೇಳುತ್ತೇನೆ. ಈ ಹಳದಿ ನಾಣ್ಯದಲ್ಲಿ ಚಿನ್ನ ಒಂದು ಚೂರೂ ಇಲ್ಲ. ಒಳಗೆ ತಾಮ್ರ, ಮೇಲೆ ತಾಮ್ರ, ಸತು, ಮ್ಯಾಂಗನೀಸ್, ನಿಕ್ಕಲ್ ಸೇರಿದ ಹಿತ್ತಾಳೆಯ ಪದರ. ಬರಿಗೈಯಲ್ಲಿ ಮುಟ್ಟಿದರೆ ಬೆರಳಚ್ಚು ಕಂದು ಕಲೆಯಾಗಿ ಕೂತುಬಿಡುತ್ತದೆ, ಮತ್ತೆ ಹೋಗುವುದಿಲ್ಲ. ಅಂಚಲ್ಲೇ ಹಿಡಿಯಿರಿ. ಹುಣಸೆಹಣ್ಣು, ಪಾಲಿಶ್ ಯಾವುದನ್ನೂ ಹಚ್ಚಬೇಡಿ. ಹೊಳೆಯುತ್ತದೆ, ಆದರೆ ಸಂಗ್ರಾಹಕರ ಕಣ್ಣಿಗೆ ಆ ನಾಣ್ಯ ಸತ್ತಂತೆ. ಮೆತ್ತಗಿರುವ ಪಿವಿಸಿ ಪ್ಲಾಸ್ಟಿಕ್ ಜೇಬುಗಳೂ ಬೇಡ, ಕೆಲವು ವರ್ಷದಲ್ಲಿ ಹಸಿರು ಅಂಟು ಬಿಡುತ್ತವೆ.

ಪೂರ್ತಿಸೆಟ್:

ಸಕಾಗವಿಯಾ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ ಅಲ್ವಾ? ನನ್ನ ಪ್ರಕಾರ ಎರಡು ಬೇರೆ ಪುಟ. 2000ದಿಂದ 2008ರವರೆಗೆ ಹಾರುವ ಹದ್ದು, ಒಂದೇ ಹಿಂಬದಿ, ಇಸವಿ ಮುಖದ ಮೇಲೆ. ಇಲ್ಲಿ ಚಿತ್ರಕ್ಕೊಂದು ಎನ್ನುವ ನಿಯಮ ಹಾಕಿದರೆ ಒಂದೇ ನಾಣ್ಯಕ್ಕೆ ಪುಟ ಮುಗಿಯಿತು! ಹಾಗಾಗಿ ಈ ಪುಟಕ್ಕೆ ಇಸವಿ ಮತ್ತು ಮಿಂಟ್, ಒಂಬತ್ತು ವರ್ಷಕ್ಕೆ 18 ನಾಣ್ಯ. 2009ರಿಂದ ಮುಂದಿನ ಪುಟಕ್ಕೆ ಭೂತಗನ್ನಡಿಯವರ ನಿಯಮ. ಒಂದೇ ಆಲ್ಬಮ್‌ನಲ್ಲಿ ಎರಡು ನಿಯಮ ಇದ್ದರೆ ಯಾರು ಬಂದು ಕೇಳುತ್ತಾರೆ?

ನಿಮ್ಮಲ್ಲಿ ಸಕಾಗವಿಯಾ ಜಾಸ್ತಿ ಎಂದಿರಲ್ಲ, ಬಹುಪಾಲು 2000 ಇಸವಿಯದ್ದೇ ಇರಬೇಕು. ಆ ಒಂದೇ ವರ್ಷ ನೂರು ಕೋಟಿಗೂ ಮೀರಿ ಅಚ್ಚು ಹಾಕಿದ್ದರು. 2002ರಿಂದ 2008ರವರೆಗಿನವು ಸಂಗ್ರಾಹಕರಿಗೆಂದೇ ಮಾಡಿದವು, ಮಶೀನಿನ ಚಿಲ್ಲರೆಯಲ್ಲಿ ಅಪರೂಪ. ಅಧ್ಯಕ್ಷರ ಸರಣಿಯೂ 2012ರ ಚೆಸ್ಟರ್ ಆರ್ಥರ್‌ನಿಂದ ಹಾಗೇ ಆಯಿತು. ಜನ ಬಳಸುತ್ತಿಲ್ಲ, ಉಗ್ರಾಣದಲ್ಲಿ ರಾಶಿ ಬಿದ್ದಿದೆ ಎಂದು 2011ರ ಡಿಸೆಂಬರ್‌ನಲ್ಲಿ ಚಲಾವಣೆಗೆ ಅಚ್ಚು ಹಾಕುವುದನ್ನು ನಿಲ್ಲಿಸಿದರು. ಆರ್ಥರ್ ನಂತರದವು ರೋಲ್‌ನಲ್ಲಿ ಸಿಗಲಿ ಎಂದು ಕಾಯುತ್ತಾ ಕೂರಬೇಡಿ. ಇನ್ನೊವೇಶನ್ ಸರಣಿಯಂತೂ ಚಲಾವಣೆಗೆ ಬಂದೇ ಇಲ್ಲ. 2018ರಲ್ಲಿ ಮೊದಲನೆಯದು, ಆಮೇಲೆ ವರ್ಷಕ್ಕೆ ನಾಲ್ಕರಂತೆ 2032ರವರೆಗೆ, ಒಟ್ಟು 57.

ಒಂದು ಉಪಕಥೆ ಹೇಳಿಬಿಡುತ್ತೇನೆ. 2000ದಲ್ಲಿ ಚೀರಿಯೋಸ್ ತಿಂಡಿಯ 5,500 ಡಬ್ಬಿಗಳಲ್ಲಿ ಒಂದೊಂದು ಸಕಾಗವಿಯಾ ಹಾಕಿದ್ದರು. ಹದ್ದಿನ ಬಾಲದ ಗರಿಗಳಲ್ಲಿ ಗೆರೆಗಳು ಎದ್ದು ಕಾಣುವ ಬಗೆ ಅದರಲ್ಲಿ ಬಂತು. ಮಾಮೂಲಿಯದರಲ್ಲಿ ಗರಿಗಳು ನುಣ್ಣಗಿವೆ. ನಿಮ್ಮ 2000 ಪಿಗಳ ಬಾಲ ಒಮ್ಮೆ ನೋಡಿಬಿಡಿ, ಖರ್ಚೇನಿಲ್ಲ. ಸಿಗುತ್ತದೆ ಎಂದು ಆಸೆ ಇಟ್ಟುಕೊಳ್ಳಬೇಡಿ.

ಚಿಲ್ಲರೆಡಬ್ಬಿ:

ಸರಿ, ಹೀಗೆ ಮಾಡುತ್ತೇನೆ. ಆಂಥನಿ ಮತ್ತು ಹದ್ದಿನ ಸಕಾಗವಿಯಾಗೆ ಇಸವಿ, ಮಿಂಟ್ ಎರಡೂ. ಅಧ್ಯಕ್ಷರು ಮತ್ತು 2009ರಿಂದೀಚಿನ ಸಕಾಗವಿಯಾ ಚಿತ್ರಕ್ಕೊಂದು, ಪಿ ಡಿ ಎಂದು ನೋಡದೆ ಯಾವುದು ಚೆನ್ನಾಗಿದೆಯೋ ಅದು. ಎ, ಬಿ ಗೊಡವೆಯೇ ಬೇಡ. ಇನ್ನೊವೇಶನ್ 2032ರವರೆಗೆ ಎಂದಿರಲ್ಲ, ಅದನ್ನು ಮಗಳ ಹೆಸರಿಗೆ ಬರೆದಿದ್ದೇನೆ, ಅವಳೇ ನೋಡಿಕೊಳ್ಳಲಿ. ವಾಷಿಂಗ್ಟನ್ ಅಂಚೆಲ್ಲ ಸವರಿದೆ, ಎಲ್ಲದರಲ್ಲೂ ಅಕ್ಷರ ಇದೆ. ಹದ್ದಿನ ಬಾಲಗಳೂ ನುಣ್ಣಗೇ ಇವೆ.

ಒದ್ದೆಕೈ ಅವರೇ, ರಿಂಗ್ ಇಲ್ಲದ ಆ ಕ್ಯಾಪ್ಸೂಲ್ ಆಲ್ಬಮ್ ಪುಟದಲ್ಲಿ ಕೂರುತ್ತದಾ, ಇಲ್ಲಾ ಅದಕ್ಕೆ ಬೇರೆ ಪೆಟ್ಟಿಗೆಯೇ ಬೇಕಾ?

ಒದ್ದೆಕೈ:

ಒತ್ತಿ ಕೂರಿಸುವ ರಟ್ಟಿನ ಆಲ್ಬಮ್‌ನಲ್ಲಿ ಕೂರುವುದಿಲ್ಲ. ಕ್ಯಾಪ್ಸೂಲ್ ಹಿಡಿಸುವಂತೆ ದೊಡ್ಡ ಗುಳಿ ಇರುವ ತಟ್ಟೆಗಳು ಸಿಗುತ್ತವೆ, ಅದನ್ನೇ ತೆಗೆದುಕೊಳ್ಳಿ. ಕೊಳ್ಳುವಾಗ ನಾಣ್ಯದ ಅಳತೆ ಅಲ್ಲ, ಕ್ಯಾಪ್ಸೂಲ್‌ನ ಹೊರ ಅಳತೆ ಕೇಳಿ.