ಪದಚರ್ಚೆ: ಎರಡು ಗಸ್ತುಗಳ ನಡುವೆ ಜಲಾಂತರ್ಗಾಮಿ ಬಂದರಿನಲ್ಲಿ ಕಳೆಯುವ ಅವಧಿಗೆ ಏನೆನ್ನೋಣ?

ಮಾನ್ಯರೆ,

ಜಲಾಂತರ್ಗಾಮಿ ನಡೆಸುವ ಕಂಪ್ಯೂಟರ್ ಆಟಗಳಿಗೆ ಕನ್ನಡದಲ್ಲಿ ಒಂದು ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಒಂದು ಅವಧಿಗೆ ತಕ್ಕ ಹೆಸರು ಸಿಗುತ್ತಿಲ್ಲ. 2005ರಲ್ಲಿ ಬಂದ ‘ಸೈಲೆಂಟ್ ಹಂಟರ್ 3’ರಂತಹ ಆಟದಲ್ಲಿ ಗಸ್ತು ಮುಗಿಸಿ ದಕ್ಕೆಗೆ ಮರಳಿದರೆ, ತೆರೆಯ ಮೇಲಿನ ದಿನಾಂಕವು ಕೆಲವು ವಾರ ಮುಂದಕ್ಕೆ ಜಿಗಿದು ಮುಂದಿನ ಗಸ್ತಿನ ಆದೇಶ ಬರುತ್ತದೆ. ಹೀಗೆ ಜಿಗಿಯುವ ವಾರಗಳು ಎಷ್ಟಿದ್ದರೆ ನಿಜಕ್ಕೆ ಹತ್ತಿರವಾದೀತು ಎಂದು ಆಟಗಾರರು ಬಹಳ ಕಾಲದಿಂದ ಚರ್ಚಿಸುತ್ತಿದ್ದಾರೆ. ಆ ವಾರಗಳನ್ನು ಒಂದೇ ಪದದಲ್ಲಿ ಹೇಳುವುದು ಹೇಗೆಂಬುದು ನನ್ನ ಪ್ರಶ್ನೆ.

ಮೊದಲು ಹೊಳೆಯುವುದು ‘ಬಿಡುವು’ ಮತ್ತು ‘ದುರಸ್ತಿ’. ಎರಡೂ ಅರ್ಧ ಸತ್ಯವನ್ನಷ್ಟೇ ಹೇಳುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ಗಸ್ತಿನಿಂದ ಪರ್ಲ್ ಹಾರ್ಬರಿಗೆ ಮರಳಿದ ಅಮೆರಿಕದ ಜಲಾಂತರ್ಗಾಮಿಯನ್ನು ಬದಲಿ ತಂಡವೊಂದು ವಹಿಸಿಕೊಂಡು ಸುಮಾರು ಎರಡು ವಾರ ಅದರ ಯಂತ್ರಗಳ ಕೆಲಸ ನೋಡುತ್ತಿತ್ತು. ಅಷ್ಟು ದಿನವೂ ಅದರ ಸ್ವಂತ ಸಿಬ್ಬಂದಿ ನೌಕಾಪಡೆಯು ಬಾಡಿಗೆಗೆ ಪಡೆದಿದ್ದ ವೈಕಿಕಿ ಕಡಲತೀರದ ರಾಯಲ್ ಹವಾಯಿಯನ್ ಹೋಟೆಲಿನಲ್ಲಿ ವಿಶ್ರಾಂತಿ ಪಡೆಯುತ್ತಿದ್ದರು. ಒಂದೇ ಹದಿನೈದು ದಿನ ಜನರಿಗೆ ಬಿಡುವು, ನೌಕೆಗೆ ದುರಸ್ತಿ. ಅದಾದ ಮೇಲೂ ಕೆಲವು ದಿನ ಹೊಸಬರಿಗೆ ತರಬೇತಿ, ಕಡಲಿನಲ್ಲಿ ಪರೀಕ್ಷೆ, ಟಾರ್ಪಿಡೊ ಮತ್ತು ದಿನಸಿ ತುಂಬಿಸುವ ಕೆಲಸ ಇರುತ್ತಿತ್ತು. ಆ ದಿನಗಳು ಬಿಡುವೂ ಅಲ್ಲ, ದುರಸ್ತಿಯೂ ಅಲ್ಲ. ಆದ್ದರಿಂದ ನಮಗೆ ಬೇಕಾದ ಪದವು ಮೂರನ್ನೂ ಒಳಗೊಳ್ಳಬೇಕು, ಯಾವುದೊಂದರ ಕಡೆಗೂ ವಾಲಬಾರದು.

ಇನ್ನೊಂದು ತೊಡಕು ಅವಧಿಯ ಉದ್ದದ್ದು. ಗುಂಥರ್ ಪ್ರೀನ್ ನಡೆಸುತ್ತಿದ್ದ ಜರ್ಮನಿಯ ಯು-47 ನೌಕೆಯ ದಿನಾಂಕಗಳನ್ನು ನೋಡಿ. ಬ್ರಿಟನ್ನಿನ ನೌಕಾನೆಲೆ ಸ್ಕಾಪಾ ಫ್ಲೋ ಮೇಲಿನ ದಾಳಿಯಿಂದ 1939ರ ಅಕ್ಟೋಬರ್ 17ರಂದು ಮರಳಿದ ನೌಕೆ ನವೆಂಬರ್ 16ರಂದು ಮತ್ತೆ ಹೊರಟಿತು. ಡಿಸೆಂಬರ್ 18ರಂದು ಬಂದದ್ದು ಮರುವರ್ಷ ಮಾರ್ಚ್ 11ರ ತನಕ ಗಸ್ತಿಗೆ ಹೋಗಲಿಲ್ಲ. ಆದರೆ ಮಾರ್ಚ್ 29ರಂದು ಬಂದು ಏಪ್ರಿಲ್ 3ಕ್ಕೇ ಹೊರಟುಬಿಟ್ಟಿತು. ಅಂದರೆ ಒಂದೇ ನೌಕೆಗೆ, ಅರ್ಧ ವರ್ಷದೊಳಗೆ, 30, 84 ಮತ್ತು 5 ದಿನ. ಎಲ್ಲ ಸಲಕ್ಕೂ ಒಂದೇ ಅಂಕಿಯನ್ನು ಹಾಕಿಬಿಡುವ ಆಟ ಎಷ್ಟು ಚಂದದ್ದಿದ್ದರೂ ಈ ಏರುಪೇರನ್ನು ತೋರಿಸಲಾರದು. ಐದು ದಿನಕ್ಕೂ ಎಂಬತ್ತನಾಲ್ಕು ದಿನಕ್ಕೂ ಒಪ್ಪುವ ಪದ ಬೇಕೆಂದಾಗ ‘ತಂಗು’ ಬಿದ್ದುಹೋಗುತ್ತದೆ, ಏಕೆಂದರೆ ಅದರಲ್ಲಿ ಒಂದೆರಡು ರಾತ್ರಿಯ ಛಾಯೆಯಿದೆ. ‘ನಿಲುಗಡೆ’ ಎಂದರೆ ಬಸ್ಸು ನೆನಪಾಗುತ್ತದೆ.

‘ಮೊಕ್ಕಾಂ’ ನನಗೆ ಬಹಳ ಇಷ್ಟವಾದ ಪದ. ಯಕ್ಷಗಾನ ಮೇಳಕ್ಕೂ ಸರ್ಕಸ್ಸಿಗೂ ಪ್ರವಾಸದಲ್ಲಿರುವ ಅಧಿಕಾರಿಗೂ ಅದು ಸಲ್ಲುತ್ತದೆ, ದಿನಗಳ ಮಿತಿಯೂ ಅದಕ್ಕಿಲ್ಲ. ಆದರೆ ಮೊಕ್ಕಾಂ ಹೂಡುವುದು ಮನೆಯಿಂದ ಹೊರಟವರು, ಹೊರಗೆ. ನೌಕೆಯಾದರೋ ತನ್ನ ನೆಲೆಗೇ ಬಂದಿರುತ್ತದೆ. ದಂಡೆತ್ತಿ ಹೊರಟ ಸೈನ್ಯಕ್ಕೆ ಹೇಳುವ ‘ಬೀಡು’ ಪದಕ್ಕೂ ಇದೇ ಆಕ್ಷೇಪ.

ಸದ್ಯಕ್ಕೆ ನಾನು ‘ಬಂದರುವಾಸ’ ಎಂದು ಬರೆದುಕೊಂಡಿದ್ದೇನೆ. ‘ಮುಂದಿನ ಗಸ್ತಿಗೆ ಮುನ್ನ ಬಂದರುವಾಸ: 19 ದಿನ’ ಎಂದರೆ ತಿಳಿಯಲು ಕಷ್ಟವಿಲ್ಲ. ಪತ್ರಿಕೆಗಳು ‘ಜೈಲುವಾಸ’ವನ್ನು ಬಳಕೆಗೆ ತಂದಿರುವುದರಿಂದ ಸಮಾಸದ ಬಗ್ಗೆ ತಕರಾರು ಏಳಲಾರದೆಂದು ಭಾವಿಸುತ್ತೇನೆ. ನನ್ನ ಅನುಮಾನ ಅರ್ಥದ ಬಗ್ಗೆ. ವನವಾಸ, ಅಜ್ಞಾತವಾಸ, ಸೆರೆವಾಸಗಳ ಸಾಲಿನಲ್ಲಿ ಇದೂ ಶಿಕ್ಷೆಯಂತೆ ಕೇಳಿಸುತ್ತದೆಯೇ? ನಾಲ್ಕೈದು ಡಜನ್ ಜನ ವಾರಗಟ್ಟಲೆ ಇಕ್ಕಟ್ಟಿನಲ್ಲಿ ಕಳೆಯುವ ಗಸ್ತೇ ಸೆರೆವಾಸ, ಬಂದರು ಬಿಡುಗಡೆ ಎಂದು ನಾವಿಕರು ಹೇಳಿಯಾರು. ‘ನೆಲೆಯ ದಿನಗಳು’ ಎಂಬುದು ಸೌಮ್ಯವಾಗಿದೆ, ಆದರೆ ಕ್ರಿಯಾಪದ ಸೇರಿಸಿ ವಾಕ್ಯ ಕಟ್ಟುವಾಗ ಸಡಿಲವೆನಿಸುತ್ತದೆ.

ಕರಾವಳಿಯ ಸದಸ್ಯರಲ್ಲಿ ಒಂದು ವಿಶೇಷ ವಿನಂತಿ. ಮಲ್ಪೆ, ಮಂಗಳೂರು, ಕಾರವಾರಗಳ ಯಾಂತ್ರಿಕ ದೋಣಿಗಳು ಜೂನ್, ಜುಲೈ ತಿಂಗಳ ನಿಷೇಧದಲ್ಲಿ ದಡ ಸೇರಿರುವುದು ಬೇರೆ ಮಾತು. ನಾನು ಕೇಳುತ್ತಿರುವುದು ಋತುವಿನ ನಡುವೆ, ಆಳಸಮುದ್ರದ ಒಂದು ಟ್ರಿಪ್ ಮುಗಿಸಿ ಮೀನು ಇಳಿಸಿ, ಡೀಸೆಲ್ ಮತ್ತು ಮಂಜುಗಡ್ಡೆ ತುಂಬಿಸಿ, ಬಲೆ ಸರಿಪಡಿಸಿಕೊಂಡು ಮುಂದಿನ ಟ್ರಿಪ್ಪಿಗೆ ಹೊರಡುವ ತನಕದ ದಿನಗಳ ಬಗ್ಗೆ. ಅದಕ್ಕೆ ದಕ್ಕೆಯಲ್ಲಿ ಆಡುವ ಮಾತೊಂದಿದ್ದರೆ, ಕನ್ನಡದ್ದಾಗಲಿ ತುಳು, ಕೊಂಕಣಿಗಳದ್ದಾಗಲಿ, ವಾಕ್ಯದಲ್ಲಿ ಬಳಸಿ ತಿಳಿಸಿ. ಅಂತಹ ಪದ ಸಿಕ್ಕರೆ ನನ್ನ ‘ಬಂದರುವಾಸ’ವನ್ನು ಕೈಬಿಡಲು ನನಗೆ ಸಂಕೋಚವಿಲ್ಲ.

ಕೊನೆಯದಾಗಿ, ಈ ಅವಧಿಗೆ ವಿಶೇಷಣವಾಗಿ ‘ನೈಜ’ ಸರಿಯೋ ‘ವಾಸ್ತವಿಕ’ ಸರಿಯೋ ಎಂಬುದನ್ನೂ ತಿಳಿಸಬೇಕು. ಆಟದ ದಿನಗಳು ನಿಜವಾದವಲ್ಲ, ನಿಜದ ಅಳತೆಯವು ಮಾತ್ರ. ಆದ್ದರಿಂದ ‘ನೈಜ ಬಂದರುವಾಸ’ ಎನ್ನಲು ನನಗೆ ಮನಸ್ಸು ಬರುತ್ತಿಲ್ಲ.